ಔಟ್‌ಬ್ಯಾಕಿನಲ್ಲಿ ಕ್ಯಾರವಾನ್ ನಿಲ್ಲಿಸಿ ಎರಡು ರಾತ್ರಿ ಆರಾಮಾಗಿ ಕಳೆಯುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ. ಮನೆಮಂದಿಯ ಜೊತೆ ಆಸ್ಟ್ರೇಲಿಯಾದ ಔಟ್‌ಬ್ಯಾಕಿನಲ್ಲಿ (ಊರುಗಳೇ ವಿರಳವಾದ ಒಳನಾಡಿನ ಬಯಲಿನಲ್ಲಿ) ಆರಾಮಾಗಿ ತಂಗಬೇಕು ಅಂದರೆ ಮಧ್ಯಾಹ್ನ ಮೂರು ಗಂಟೆಯೊಳಗೆ ಗಾಡಿ ನಿಲ್ಲಿಸಿ. ಮಿಕ್ಕ ಸಲಹೆಗಳೆಲ್ಲ ಇದರ ಹಿಂದೆ ಬರುವ ಪರಿವಾರ.

ಇದು ನಮಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಅಡಿಲೇಡ್‌ನಿಂದ ಮೊದಲ ಸಲ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಎಳೆದುಕೊಂಡು ಉತ್ತರಕ್ಕೆ ಹೊರಟಾಗ, "ಇನ್ನೊಂದು ಐವತ್ತು ಕಿಲೋಮೀಟರ್ ಹೋಗಿಬಿಡೋಣ" ಅಂತ ಎರಡು ಸಲ ಅಂದುಕೊಂಡೆವು. ನಿಲ್ಲಿಸುವಷ್ಟರಲ್ಲಿ ಕತ್ತಲು. ನೆಲ ಯಾವ ಕಡೆ ಇಳಿಜಾರು ಅಂತಾನೇ ಕಾಣಲಿಲ್ಲ. ರಾತ್ರಿಯೆಲ್ಲ ತಲೆ ಕೆಳಗೆ, ಕಾಲು ಮೇಲೆ. ಬೆಳಿಗ್ಗೆ ಕಾವಲಿಗೆ ಹಿಟ್ಟು ಹುಯ್ದರೆ ಅದು ತಿರುಗಿಸಿದ ಹಾಗೆಲ್ಲ ಒಂದೇ ಕಡೆಗೆ ಇಳಿಯುತ್ತಿತ್ತು. ದೋಸೆಯ ಒಂದು ಅಂಚು ಇಡ್ಲಿಯಷ್ಟು ದಪ್ಪ, ಇನ್ನೊಂದು ಅಂಚು ಸೀದು ಕರಿ. ಬಾಗಿಲು ತೆಗೆದು ನೋಡಿದರೆ ಮೂವತ್ತು ಹೆಜ್ಜೆ ಆಚೆ ಅಂಗಳದಂಥ ಸಮತಟ್ಟು ಜಾಗ ಖಾಲಿ ಬಿದ್ದಿತ್ತು!

ಆವತ್ತಿನಿಂದ ನಾವು ಹೇಗೆ ಮಾಡುತ್ತೇವೆ ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಸೌತ್ ಆಸ್ಟ್ರೇಲಿಯಾದ ಸ್ಟುವರ್ಟ್ ಹೆದ್ದಾರಿಯ ಪಕ್ಕದ ಲೇಕ್ ಹಾರ್ಟ್ ತೆಗೆದುಕೊಳ್ಳುತ್ತೇನೆ. ಹೆದ್ದಾರಿಯ ಡಾಂಬರು ಬಿಟ್ಟು ಬಹಳ ದೂರ ಹೋಗಬೇಕಿಲ್ಲ, ಎದುರಿಗೇ ದೊಡ್ಡ ಉಪ್ಪಿನ ಕೆರೆ. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

1. ಕಾಲ ಮತ್ತು ದೂರ

ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಈ ಕಡೆ 45 ಡಿಗ್ರಿ ದಾಟುವುದು ಅಪರೂಪವಲ್ಲ. ಇದೇ ರಾಜ್ಯದ ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ. ತಗಡಿನ ಡಬ್ಬದೊಳಗೆ ಮಕ್ಕಳನ್ನು ಕೂರಿಸಿಕೊಂಡು ಆ ಬಿಸಿಲಿಗೆ ಹೋಗುವುದು ಬೇಡವೇ ಬೇಡ. ಜುಲೈ ಶಾಲಾ ರಜೆ ಹೇಳಿ ಮಾಡಿಸಿದ ಸಮಯ. ಹಗಲು ಹಿತವಾದ ಬಿಸಿಲು, ರಾತ್ರಿ ಮಾತ್ರ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮರುಭೂಮಿ ಅಂತ ಕಂಬಳಿ ಬಿಟ್ಟು ಹೋದವರು ಅಳುವುದನ್ನು ನೋಡಿದ್ದೇನೆ.

ದಿನಕ್ಕೆ 300 ಕಿಲೋಮೀಟರ್ ಸಾಕು. ಅಡಿಲೇಡ್‌ನಿಂದ ಪೋರ್ಟ್ ಆಗಸ್ಟಾ ಸುಮಾರು 310. ಮೊದಲ ರಾತ್ರಿ ಅಲ್ಲಿನ ಕ್ಯಾರವಾನ್ ಪಾರ್ಕಿನಲ್ಲಿ. ಮಾರನೇ ದಿನ ಪಿಂಬಾಗೆ ಸುಮಾರು 170, ಅಲ್ಲಿಂದ ಮುಂದೆ 40 ಚಿಲ್ಲರೆ ಹೋದರೆ ಲೇಕ್ ಹಾರ್ಟ್. ಬೆಳಿಗ್ಗೆ ಒಂಬತ್ತೂವರೆಗೆ ಹೊರಟು, ಮಧ್ಯೆ ಟೀ ಕುಡಿದು, ಮಧ್ಯಾಹ್ನ ಎರಡಕ್ಕೆಲ್ಲ ತಲುಪಿರುತ್ತೀರಿ. ಮಕ್ಕಳಿದ್ದರೆ ಪಿಂಬಾದಿಂದ ಏಳೆಂಟು ಕಿಲೋಮೀಟರ್ ಒಳಗೆ ವೂಮೆರಾಗೆ ಹೋಗಿಬನ್ನಿ. 1947ರಲ್ಲಿ ರಾಕೆಟ್ ಪರೀಕ್ಷೆಗೆ ಅಂತಲೇ ಹುಟ್ಟಿದ ಊರು. ಹಳೇ ರಾಕೆಟ್‌ಗಳನ್ನು ಬಯಲಲ್ಲೇ ನಿಲ್ಲಿಸಿದ್ದಾರೆ, ಮುಟ್ಟುವಷ್ಟು ಹತ್ತಿರ ಹೋಗಬಹುದು.

ಮೂರು ಗಂಟೆ ಅಂತ ಯಾಕೆ ಅಷ್ಟು ಒತ್ತಿ ಹೇಳುತ್ತಿದ್ದೇನೆ ಗೊತ್ತಾ? ಜುಲೈನಲ್ಲಿ ಐದೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದಕ್ಕೂ ಸ್ವಲ್ಪ ಮೊದಲೇ ಕಾಂಗರೂಗಳು ರಸ್ತೆ ಅಂಚಿಗೆ ಬರುತ್ತವೆ. ಎಮುಗಳಿಗಂತೂ ಯಾವ ಕಡೆ ಓಡಬೇಕು ಅಂತ ತಮಗೇ ಗೊತ್ತಿರುವುದಿಲ್ಲ. ಎರಡು ಟನ್ ಎಳೆಯುತ್ತಿರುವ ಕಾರು ತಕ್ಷಣ ನಿಲ್ಲುವುದಿಲ್ಲ. ಜೊತೆಗೆ ಗಾಡಿ ನಿಲ್ಲಿಸಿ, ಮಟ್ಟ ಮಾಡಿ, ಒಲೆ ಹಚ್ಚಿ, ಮಕ್ಕಳಿಗೆ ಒಂದು ಸುತ್ತು ಆಡಲು ಬಿಡುವುದಕ್ಕೆ ಎರಡು ತಾಸಾದರೂ ಬೇಕು.

2. ನೀರು

ಪೋರ್ಟ್ ಆಗಸ್ಟಾದಲ್ಲೇ ಟ್ಯಾಂಕು ತುಂಬಿಸಿಕೊಳ್ಳಿ. ಅಲ್ಲಿಗೆ ಪೈಪಿನಲ್ಲಿ ಬರುವುದು ಮರ್ರೇ ನದಿಯ ನೀರು. ಮುಂದೆ ಹೋದಂತೆ ಎಷ್ಟೋ ಕಡೆ ಬೋರ್ ನೀರು. ಬೋರ್ ನೀರಲ್ಲಿ ಬೇಳೆ ಬೇಯುವುದಿಲ್ಲ ಅನ್ನುವುದನ್ನು ಕೋಲಾರ, ಚಿತ್ರದುರ್ಗದ ಕಡೆಯವರಿಗೆ ನಾನು ಹೇಳಿಕೊಡಬೇಕಿಲ್ಲ. ಇಲ್ಲಿಯೂ ಅದೇ ಕತೆ. ಕುಕ್ಕರ್ ಎಂಟು ಸಲ ಕೂಗಿದರೂ ತೊಗರಿಬೇಳೆ ಕಾಳುಕಾಳಾಗಿ ನಿಮ್ಮನ್ನೇ ನೋಡುತ್ತಿರುತ್ತದೆ.

ನಾವು ಐದು ಜನ: ನಾವಿಬ್ಬರು, ಇಬ್ಬರು ಮಕ್ಕಳು, ಹಾಸನದಿಂದ ಬಂದಿದ್ದ ನಮ್ಮ ಅತ್ತೆ. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕ ಹಾಕಿ, ಮೂರು ದಿನಕ್ಕೆ 75 ಲೀಟರ್. ಗಾಡಿಯ ಎರಡು ಟ್ಯಾಂಕು ಸೇರಿ 160 ಲೀಟರ್ ಹಿಡಿಯುತ್ತದೆ. ಮಿಕ್ಕಿದ್ದು ಪಾತ್ರೆಗೆ, ಕೈಕಾಲಿಗೆ. ಇದಲ್ಲದೆ ಕಾರಿನಲ್ಲಿ 20 ಲೀಟರ್‌ನ ಎರಡು ಕ್ಯಾನ್ ಬೇರೆ. ಟ್ಯಾಂಕಿಗೆ ಕಲ್ಲು ಬಡಿದು ತೂತಾದರೆ ಜೀವ ಉಳಿಸುವುದು ಆ ಕ್ಯಾನುಗಳೇ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ತುಂಬಬೇಡಿ.

ಪಾತ್ರೆ ತೊಳೆಯುವುದಕ್ಕೆ ನಮ್ಮದೊಂದು ಉಪಾಯ ಇದೆ. ಮೊದಲು ತಟ್ಟೆಯನ್ನು ಕಾಗದದಲ್ಲಿ ಒರೆಸಿ. ಆಮೇಲೆ ಸ್ಪ್ರೇ ಬಾಟಲಿಯ ಸೋಪು ನೀರು. ಕೊನೆಗೆ ಒಂದೇ ಬೋಗುಣಿ ನೀರಿನಲ್ಲಿ ಎಲ್ಲವನ್ನೂ ಅದ್ದಿ ತೆಗೆಯಿರಿ. ಐದು ಜನರ ಊಟದ ಪಾತ್ರೆ ಮೂರ್ನಾಲ್ಕು ಲೀಟರ್‌ನಲ್ಲಿ ಮುಗಿಯುತ್ತದೆ. ಆ ಕೊಳೆ ನೀರನ್ನು ನೆಲಕ್ಕೆ ಬಿಡಬಾರದು ಅಂತ ಬಹಳ ಕಡೆ ನಿಯಮ ಇದೆ. ಒಂದು ಟ್ಯಾಂಕಿಗೋ ಡಬ್ಬಕ್ಕೋ ಹಿಡಿದಿಟ್ಟುಕೊಳ್ಳಿ.

3. ಡೀಸೆಲ್, ಫೋನ್, ರೇಡಿಯೋ

ಕ್ಯಾರವಾನ್ ಕಟ್ಟಿಕೊಂಡರೆ ಕಾರು ಕುಡಿಯುವ ಡೀಸೆಲ್ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಅಂದುಕೊಳ್ಳಿ. ನಮ್ಮದು 100 ಕಿಲೋಮೀಟರಿಗೆ 18 ಲೀಟರ್, ಎದುರುಗಾಳಿ ಬಂದರೆ ಇನ್ನೂ ಜಾಸ್ತಿ. ಲೇಕ್ ಹಾರ್ಟ್ ದಾಟಿದ ಮೇಲೆ ಗ್ಲೆಂಡ್ಯಾಂಬೊ. ಅಲ್ಲಿಂದ ಕೂಬರ್ ಪೀಡಿವರೆಗೆ 254 ಕಿಲೋಮೀಟರ್, ನಡುವೆ ಒಂದು ಹನಿ ಸಿಗುವುದಿಲ್ಲ. ಅರ್ಧ ಟ್ಯಾಂಕ್ ಇದ್ದರೂ ಸಿಕ್ಕ ಬಂಕಿನಲ್ಲಿ ತುಂಬಿಸುತ್ತಾ ಹೋಗಿ.

ಊರು ಬಿಟ್ಟರೆ ಮೊಬೈಲ್ ಸಿಗ್ನಲ್ ನಂಬಬೇಡಿ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಎಲ್ಲಿ ತಂಗುತ್ತೀರಿ, ಯಾವಾಗ ಮುಂದಿನ ಊರು ತಲುಪುತ್ತೀರಿ ಅಂತ ಮನೆಯಲ್ಲಿ ಉಳಿದ ಯಾರಿಗಾದರೂ ಹೇಳಿ ಹೊರಡಿ. ಗಾಡಿಯಿಂದ ಗಾಡಿಗೆ ಮಾತಾಡುವ ಯು.ಹೆಚ್.ಎಫ್. ರೇಡಿಯೋ ಇದ್ದರೆ ಹೆದ್ದಾರಿಯಲ್ಲಿ 40ನೇ ಚಾನೆಲ್, ಲಾರಿಯವರು ಇರುವುದು ಅಲ್ಲೇ. ಕ್ಯಾರವಾನಿನವರ ಹರಟೆಗೆ 18. ತುರ್ತಿಗೆ 5. ಹಿಂದಿನಿಂದ 53 ಮೀಟರ್ ಉದ್ದದ ರೋಡ್ ಟ್ರೇನ್ (ಹಲವು ಟ್ರೇಲರ್ ಎಳೆಯುವ ಲಾರಿ) ಬಂದರೆ ಗಾಬರಿಯಾಗಿ ಬ್ರೇಕ್ ಹಾಕಬೇಡಿ, ಪಕ್ಕದ ಮಣ್ಣಿಗೂ ಇಳಿಯಬೇಡಿ. ನಿಮ್ಮ ಲೇನಿನಲ್ಲಿ ನೇರವಾಗಿ ಹೋಗಿ. ಅವನು ಪಕ್ಕಕ್ಕೆ ಬಂದ ಮೇಲೆ ಕಾಲು ಸ್ವಲ್ಪ ಸಡಿಲಿಸಿದರೆ ಬೇಗ ದಾಟುತ್ತಾನೆ. ಗಾಡಿ ಕೆಟ್ಟು ನಿಂತರೆ ಗಾಡಿ ಬಿಟ್ಟು ನಡೆದು ಹೋಗಲೇಬಾರದು. ಹುಡುಕುವವರಿಗೆ ಮೊದಲು ಕಾಣುವುದು ಗಾಡಿ, ನೀವಲ್ಲ.

ಮೆಲ್ಬರ್ನ್ ಕಡೆಯಿಂದ ಬರುವವರಿಗೆ ಒಂದು ಮಾತು: ಸೌತ್ ಆಸ್ಟ್ರೇಲಿಯಾ ಗಡಿಯಲ್ಲಿ ಹಣ್ಣುನೊಣದ ತಪಾಸಣೆ ಇದೆ. ಮಾವು, ಟೊಮ್ಯಾಟೊ, ಹಸಿಮೆಣಸಿನಕಾಯಿ ಏನಿದ್ದರೂ ಗಡಿಗೆ ಮೊದಲೇ ಮುಗಿಸಿ, ದಾಟಿದ ಮೇಲೆ ಹೊಸದಾಗಿ ಕೊಳ್ಳಿ.

4. ಜಾಗ ಆರಿಸುವುದು

ತಲುಪಿದ ತಕ್ಷಣ ಕಂಡ ಜಾಗಕ್ಕೆ ಗಾಡಿ ನುಗ್ಗಿಸಬೇಡಿ. ಒಂದು ಪಕ್ಕಕ್ಕೆ ನಿಲ್ಲಿಸಿ, ಇಳಿದು, ನಡೆಯಿರಿ. ಇದು ಐದು ನಿಮಿಷದ ಕೆಲಸ, ರಾತ್ರಿಯ ನಿದ್ದೆ ಇದರ ಮೇಲೆ ನಿಂತಿದೆ. ಮೊದಲು ಅಲ್ಲಿನ ಫಲಕ ಓದಿ: ಎಷ್ಟು ಹೊತ್ತು ತಂಗಬಹುದು, ಬೆಂಕಿ ಹಾಕಬಹುದೇ ಅಂತ ಬರೆದಿರುತ್ತದೆ. ಬಿಸಿಲುಗಾಲದಲ್ಲಿ ಬೆಂಕಿಗೆ ನಿರ್ಬಂಧ ಇರುತ್ತದೆ. ಚಳಿಗಾಲದಲ್ಲೂ ಆ ದಿನದ ಪರಿಸ್ಥಿತಿ ನೋಡಿಕೊಂಡೇ ಹಚ್ಚಬೇಕು.

ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡಿ. ಹೂತುಕೊಂಡರೆ ಅದು ಗಾಡಿಗೆ ಆಗದ ಜಾಗ. ಇರುವೆ ಗೂಡು ಇದೆಯಾ ನೋಡಿ. ನೆಗ್ಗಿಲು ಮುಳ್ಳು ನೋಡಿ. ಹೌದು, ನಮ್ಮ ಹೊಲಗಳ ಅದೇ ನೆಗ್ಗಿಲು ಇಲ್ಲಿಯೂ ಇದೆ. ಬರಿಗಾಲಲ್ಲಿ ಓಡಿದ ಮಗ ಒಂದು ಸಲ ಚೀರಿದ ಮೇಲೆ ನಮಗೆ ಪರಿಚಯ ಆಯಿತು. ಒಣಗಿದ ಹಳ್ಳದ ಪಾತ್ರದಲ್ಲಿ ನಿಲ್ಲಿಸಬೇಡಿ, ಎಲ್ಲೋ ದೂರ ಸುರಿದ ಮಳೆ ಇಲ್ಲಿ ಹರಿದು ಬರಬಹುದು. ಫ್ಲಿಂಡರ್ಸ್ ಬೆಟ್ಟಗಳ ಕಡೆ ಹೋದರೆ ಹಳ್ಳದ ದಂಡೆಯ ದೊಡ್ಡ ನೀಲಗಿರಿ ಮರಗಳ ನೆರಳು ಆಸೆ ಹುಟ್ಟಿಸುತ್ತದೆ. ಆ ಮರಗಳು ಗಾಳಿ ಇಲ್ಲದಾಗಲೂ ದಪ್ಪ ಕೊಂಬೆ ಕೆಡವುತ್ತವೆ. ನೆರಳು ಮಧ್ಯಾಹ್ನದ ಊಟಕ್ಕೆ ಇರಲಿ, ಮಲಗುವುದಕ್ಕೆ ಬೇಡ.

ಪಕ್ಕದವರಿಂದ ದೂರ ಬಿಡಿ. ಇಷ್ಟು ದೊಡ್ಡ ಬಯಲಿನಲ್ಲಿ ಅವರ ಕಿಟಕಿಗೆ ಒತ್ತಿಕೊಂಡು ನಿಲ್ಲಿಸಿದರೆ ಯಾರಿಗೆ ಖುಷಿ? ದನಗಳ ನೀರಿನ ತೊಟ್ಟಿ ಇದ್ದರೆ ಅದರಿಂದಲೂ ದೂರ ಇರಿ, ನೀವಿದ್ದರೆ ಅವು ಕುಡಿಯಲು ಬರುವುದಿಲ್ಲ.

ಈಗ ದಿಕ್ಕು. ಊರಿನ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಭೂಮಿಯ ಈ ಭಾಗದಲ್ಲಿ ಚಳಿಗಾಲದ ಸೂರ್ಯ ಉತ್ತರದ ಕಡೆ ವಾಲಿಕೊಂಡು ಹೋಗುತ್ತಾನೆ. ಇಲ್ಲಿನ ಕ್ಯಾರವಾನ್‌ಗಳ ಬಾಗಿಲು ಎಡಗಡೆ. ಆದ್ದರಿಂದ ಗಾಡಿಯ ಮೂತಿ ಪೂರ್ವಕ್ಕೆ ಇಟ್ಟರೆ ಬಾಗಿಲು ಉತ್ತರಕ್ಕೆ ಬರುತ್ತದೆ. ದಿನವಿಡೀ ಬಾಗಿಲ ಮುಂದೆ ಬಿಸಿಲು, ದಕ್ಷಿಣದ ತಣ್ಣನೆ ಗಾಳಿಗೆ ಗಾಡಿಯೇ ಗೋಡೆ. ಅತ್ತೆ ಆ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕಾಲು ಚಾಚಿದವರು ಮೂರು ದಿನ ಅಲ್ಲಿಂದ ಕದಲಲಿಲ್ಲ. ಮಡಚುವ ಸೋಲಾರ್ ಪ್ಯಾನೆಲ್ ಇದ್ದರೆ ಅದರ ಮುಖವೂ ಉತ್ತರಕ್ಕೇ.

5. ನಿಲ್ಲಿಸುವುದು, ಮಟ್ಟ ಮಾಡುವುದು

ಹಿಂದಕ್ಕೆ ತೆಗೆಯುವಾಗ ಗಂಡ-ಹೆಂಡತಿ ಜಗಳ ಆಗದ ಕ್ಯಾರವಾನ್ ನಾನಿನ್ನೂ ನೋಡಿಲ್ಲ. ಅದಕ್ಕೆ ಎರಡು ಮದ್ದು. ಒಂದು, ಎಡ-ಬಲ ಅನ್ನಬೇಡಿ, ಎದುರುಬದುರು ನಿಂತಾಗ ಇಬ್ಬರ ಎಡವೂ ಬೇರೆ. "ನಿಮ್ಮ ಕಡೆ", "ಬಾಗಿಲ ಕಡೆ" ಅನ್ನಿ. ಎರಡು, ಕೆಳಗೆ ನಿಂತವರಿಗೆ ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣುತ್ತಿರಬೇಕು. ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ ಅಂತಲೇ ಅರ್ಥ.

ಮೊದಲು ಮಾಡಬೇಕಾದ್ದು ಅಡ್ಡ ಮಟ್ಟ. ಗಾಡಿ ಇನ್ನೂ ಕಾರಿಗೆ ಕಟ್ಟಿಕೊಂಡೇ ಇರಲಿ. ತಗ್ಗಿರುವ ಕಡೆಯ ಚಕ್ರದ ಮುಂದೆ ಇಳಿಜಾರು ಅಚ್ಚು ಇಟ್ಟು, ನಿಧಾನವಾಗಿ ಹತ್ತಿಸಿ. ಒಳಗೆ ನೆಲದ ಮೇಲೆ ಗುಳ್ಳೆ ಮಟ್ಟಗೋಲು ಇಟ್ಟು ನೋಡಿ. ನಮ್ಮಲ್ಲಿ ಮಟ್ಟಗೋಲು ಕಳೆದುಹೋಗಿ ಈಗ ಕಾವಲಿಯಲ್ಲಿ ಒಂದು ಚಮಚ ನೀರು ಹಾಕಿ ನೋಡುತ್ತೇವೆ. ನೀರು ನಡುವೆ ನಿಂತರೆ ದೋಸೆ ಸರಿಯಾಗಿ ಬರುತ್ತದೆ, ಗ್ಯಾಸ್ ಮೇಲೆ ಓಡುವ ಫ್ರಿಜ್ಜೂ ಸರಿಯಾಗಿ ತಣ್ಣಗಾಗುತ್ತದೆ. ಆ ಥರದ ಫ್ರಿಜ್ಜಿಗೆ ಮಟ್ಟ ನಿಜಕ್ಕೂ ಮುಖ್ಯ, ವಾಲಿದರೆ ಒಳಗಿನ ದ್ರವ ಸರಿಯಾಗಿ ಸುತ್ತುವುದಿಲ್ಲ.

ಮಟ್ಟ ಸಿಕ್ಕ ಮೇಲೆ ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಅಡ್ಡ ಕೊಡಿ. ಊರಲ್ಲಿ ಲಾರಿಯವರು ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಅದೇ ಕೆಲಸಕ್ಕೆ ಇಲ್ಲಿ ಹಳದಿ ಪ್ಲಾಸ್ಟಿಕ್ ಚಾಕ್ ಸಿಗುತ್ತದೆ. ಎರಡೂ ಕಡೆ, ಚಕ್ರದ ಹಿಂದೆ ಮುಂದೆ. ಇದಾದ ಮೇಲೆಯೇ ಕಾರಿನಿಂದ ಬಿಡಿಸುವ ಮಾತು. ಈ ಕ್ರಮ ತಪ್ಪಿದರೆ ಎರಡು ಟನ್ ಗಾಡಿ ತಾನೇ ನಡೆದು ಹೋಗುತ್ತದೆ. ಒಂದೇ ರಾತ್ರಿ ಇದ್ದರೆ ಬಿಡಿಸಲೇಬೇಡಿ. ಎರಡು ರಾತ್ರಿ ಇದ್ದರೆ ಸರಪಳಿ, ಲೈಟಿನ ಪ್ಲಗ್ ಕಳಚಿ, ಮುಂದಿನ ಜಾಕಿ ಚಕ್ರ ತಿರುಗಿಸಿ ಮೂತಿ ಏರಿಸಿ ಅಥವಾ ಇಳಿಸಿ ಉದ್ದ ಮಟ್ಟ ಮಾಡಿ. ಕೊನೆಗೆ ನಾಲ್ಕು ಮೂಲೆಯ ಕಾಲು ಇಳಿಸಿ. ಆ ಕಾಲುಗಳು ಅಲುಗಾಟ ತಡೆಯುವುದಕ್ಕೆ ಮಾತ್ರ. ಅವುಗಳಿಂದ ಗಾಡಿ ಎತ್ತಲು ಹೋದರೆ ಸೊಟ್ಟಗಾಗುತ್ತವೆ.

ಆಮೇಲೆ ಸಿಲಿಂಡರ್ ತಿರುಗಿಸಿ, ಫ್ರಿಜ್ ಗ್ಯಾಸಿಗೆ ಹಾಕಿ. ಬಾಗಿಲ ಮುಂದಿನ ಆನಿಂಗ್ (ಸುತ್ತಿಡುವ ಬಟ್ಟೆ ಚಪ್ಪರ) ಬಿಚ್ಚಬಹುದು, ಆದರೆ ಮಲಗುವ ಮೊದಲು ಸುತ್ತಿಡಿ. ಸಂಜೆ ಎಲೆಯೂ ಅಲುಗದ ಬಯಲಿನಲ್ಲಿ ರಾತ್ರಿ ಎರಡು ಗಂಟೆಗೆ ಗಾಳಿ ಏಳುತ್ತದೆ. ನಮ್ಮ ಮೊದಲ ಆನಿಂಗ್ ಹಾಗೇ ಹರಿದು ಛಾವಣಿ ಮೇಲೆ ಮಗುಚಿಕೊಂಡಿತು.

6. ಅಡುಗೆ

ಮೊದಲ ರಾತ್ರಿಗೆ ದೊಡ್ಡ ಅಡುಗೆ ಇಟ್ಟುಕೊಳ್ಳಬೇಡಿ. ಮನೆಯಲ್ಲೇ ಹುರಿದ ರವೆಗೆ ಒಗ್ಗರಣೆ ಸೇರಿಸಿ ಡಬ್ಬಕ್ಕೆ ತುಂಬಿದ್ದರೆ ಹತ್ತು ನಿಮಿಷದಲ್ಲಿ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬ ಚಕ್ಕುಲಿ. ಕುಕ್ಕರ್ ಮರೆಯಬೇಡಿ, ಗ್ಯಾಸೂ ನೀರೂ ಎರಡೂ ಉಳಿಯುತ್ತವೆ.

ದೋಸೆ ಹಿಟ್ಟಿನ ಬಗ್ಗೆ ಎಚ್ಚರಿಕೆ. ಚಳಿ ರಾತ್ರಿಯಲ್ಲಿ ಹುದುಗುವುದಿಲ್ಲ, ಬಿಸಿಲಲ್ಲಿ ಓಡುವ ಕಾರಿನಲ್ಲಿ ಬೇಡವೆಂದರೂ ಹುದುಗುತ್ತದೆ. ಡಬ್ಬದ ಮುಚ್ಚಳ ತಳ್ಳಿ ಸೀಟಿನ ಕೆಳಗೆ ಹರಿದ ಹಿಟ್ಟಿನ ವಾಸನೆ ಹೋಗಲು ನಮಗೆ ತಿಂಗಳು ಹಿಡಿಯಿತು. ಮನೆಯಲ್ಲೇ ಹುದುಗಿಸಿ, ಅರ್ಧ ಡಬ್ಬ ಮಾತ್ರ ತುಂಬಿ, ಫ್ರಿಜ್ಜಿನಲ್ಲಿ ಇಟ್ಟುಕೊಂಡು ಹೋಗಿ.

ಚಳಿ ಅಂತ ರಾತ್ರಿ ಒಲೆ ಹಚ್ಚಿಟ್ಟು ಗಾಡಿ ಬೆಚ್ಚಗೆ ಮಾಡಿಕೊಳ್ಳುವುದು, ಕೆಂಡದ ಬೋಗುಣಿ ಒಳಗೆ ತರುವುದು ಎಂದೂ ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಅಡುಗೆ ಮಾಡುವಾಗಲೂ ಛಾವಣಿಯ ಕಿಂಡಿ ತೆರೆದಿರಲಿ. ರಾತ್ರಿಗೆ ಬಿಸಿನೀರಿನ ರಬ್ಬರ್ ಚೀಲ ಮತ್ತು ಎರಡೆರಡು ಕಂಬಳಿ ಸಾಕು.

7. ಮಕ್ಕಳು ಮತ್ತು ಸಂಜೆ

ಇಳಿದ ಕೂಡಲೇ ಮಕ್ಕಳಿಗೆ ಎರಡು ಗಡಿ ತೋರಿಸಿ. ಒಂದು ಹೆದ್ದಾರಿ. ಇನ್ನೊಂದು ರೈಲು ಹಳಿ. ಲೇಕ್ ಹಾರ್ಟ್‌ನಲ್ಲಿ ತಂಗುವ ಜಾಗಕ್ಕೂ ಕೆರೆಗೂ ನಡುವೆ ಹಳಿ ಹಾದುಹೋಗುತ್ತದೆ. ಅಡಿಲೇಡ್‌ನಿಂದ ಡಾರ್ವಿನ್‌ಗೆ ಹೋಗುವ ಘಾನ್ ರೈಲೂ ಇದೇ ದಾರಿ, ಪರ್ತ್‌ಗೆ ಹೋಗುವ ರೈಲೂ ಇದೇ ದಾರಿ. ಗೂಡ್ಸ್ ರೈಲುಗಳು ಒಂದೂವರೆ ಕಿಲೋಮೀಟರ್‌ಗಿಂತ ಉದ್ದ ಇರುತ್ತವೆ, ಕಂಟೇನರ್ ಮೇಲೆ ಕಂಟೇನರ್. ಮಗ ಎಣಿಸಲು ಶುರುಮಾಡಿ ಎಪ್ಪತ್ತಕ್ಕೆ ಸುಸ್ತಾದ. ದೊಡ್ಡವರ ಕೈ ಹಿಡಿಯದೆ ಹಳಿಯ ಹತ್ತಿರ ಹೋಗಕೂಡದು, ಇದರಲ್ಲಿ ರಿಯಾಯಿತಿ ಇಲ್ಲ.

ಘಾನ್ ಅನ್ನುವ ಹೆಸರು ಬಂದಿದ್ದು ಅಫ್ಘಾನ್ ಪದದಿಂದ. ಹಿಂದೆ ಈ ಬಯಲಿನಲ್ಲಿ ಸಾಮಾನು ಸಾಗಿಸಿದ್ದು ಒಂಟೆಗಳು. ಒಂಟೆಯವರನ್ನೆಲ್ಲ ಇಲ್ಲಿ ಅಫ್ಘಾನರು ಅಂತಲೇ ಕರೆದರು, ಆದರೆ ಅವರಲ್ಲಿ ಬಲೂಚಿಸ್ತಾನ, ಪಂಜಾಬ್, ಸಿಂಧ್ ಕಡೆಯವರೂ ಇದ್ದರು. ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಮಗಿಂತ ಮುಂಚೇನೇ ನಮ್ಮ ಕಡೆಯೋರು ಬಂದಿದ್ರು ಅನ್ನು" ಅಂದರು.

ಕೆರೆಯಂಚಿಗೆ ಹಳೇ ಚಪ್ಪಲಿ ಹಾಕಿಕೊಂಡು ಹೋಗಿ. ಮೇಲೆ ಬಿಳಿ ಉಪ್ಪಿನ ಹಪ್ಪಳ, ಕೆಳಗೆ ಅಂಟು ಕೆಸರು. ಗಾಡಿಯನ್ನಂತೂ ಅದರ ಮೇಲೆ ಇಳಿಸಲೇಬಾರದು. ಕೆಸರಲ್ಲಿ ಹೂತರೆ ಎಳೆಯುವವರು ಬರುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಇದು ಇಲ್ಲಿನ ಮೂಲನಿವಾಸಿಗಳಾದ ಕೊಕಾಥಾ ಜನರ ನೆಲ. ಕಲ್ಲು, ಮೂಳೆ ಏನೇ ಚಂದ ಕಂಡರೂ ಫೋಟೋ ತೆಗೆದು ಅಲ್ಲೇ ಬಿಡಿ.

ಐದು ಗಂಟೆ ಹೊತ್ತಿಗೆ ಸುತ್ತಲಿನವರು ಕುರ್ಚಿ ತಂದು ಗುಂಪಾಗಿ ಕೂರುತ್ತಾರೆ. ಹೆಚ್ಚಿನವರು ನಿವೃತ್ತರಾಗಿ ವರ್ಷಗಟ್ಟಲೆ ಗಾಡಿಯಲ್ಲೇ ತಿರುಗುವವರು. ಸಂಕೋಚ ಬಿಟ್ಟು ನಿಮ್ಮ ಕುರ್ಚಿಯನ್ನೂ ಎತ್ತಿಕೊಂಡು ಹೋಗಿ. ಮುಂದಿನ ರಸ್ತೆ ಹೇಗಿದೆ, ಯಾವ ರೋಡ್‌ಹೌಸ್‌ನಲ್ಲಿ (ಹೆದ್ದಾರಿ ಬದಿಯ ಬಂಕು-ಹೋಟೆಲ್) ನೀರು ಸಿಗುತ್ತದೆ ಅನ್ನುವ ತಾಜಾ ಸುದ್ದಿ ಅವರ ಹತ್ತಿರ ಇರುತ್ತದೆ. ನಮ್ಮ ಚಕ್ಕುಲಿ ಡಬ್ಬ ಅಲ್ಲೇ ಖಾಲಿಯಾಯಿತು. ಅವರು ಬೇಗ ಮಲಗುತ್ತಾರೆ. ಎಂಟರ ಮೇಲೆ ಜೋರು ಮಾತು, ಜನರೇಟರ್ ಬೇಡ.

ಆಮೇಲೆ ಎಲ್ಲ ದೀಪ ಆರಿಸಿ. ಗಾಡಿ ಹೊರಗಿನ ದೀಪ, ಮೊಬೈಲ್, ಎಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಮಕ್ಕಳನ್ನು ಕಂಬಳಿ ಸುತ್ತಿ ಕೂರಿಸುವುದೇ ಕಷ್ಟದ ಕೆಲಸ. ಇಲ್ಲಿ ಧ್ರುವ ನಕ್ಷತ್ರ ಕಾಣುವುದಿಲ್ಲ. ಅದರ ಬದಲಿಗೆ ತ್ರಿಶಂಕು. ಊರಲ್ಲಿ ದಕ್ಷಿಣದ ಅಂಚಿನಲ್ಲಿ ತೆಂಗಿನ ಮರಗಳ ನಡುವೆ ಅಷ್ಟಿಷ್ಟು ಕಾಣುವ ಆ ನಾಲ್ಕು ಚುಕ್ಕಿಗಳು ಜುಲೈ ರಾತ್ರಿ ಇಲ್ಲಿ ಕತ್ತೆತ್ತಿ ನೋಡುವಷ್ಟು ಮೇಲಿರುತ್ತವೆ. ಅದರ ಪಕ್ಕದಲ್ಲೇ ಆಕಾಶಗಂಗೆಯಲ್ಲಿ ಒಂದು ಕಪ್ಪು ಮಚ್ಚೆ. ಇಲ್ಲಿನ ಮೂಲನಿವಾಸಿಗಳಲ್ಲಿ ಹಲವರಿಗೆ ಅದು ಎಮುವಿನ ತಲೆ. ಕತ್ತು ಹಾಗೇ ಚಾಚಿಕೊಂಡು, ನೆತ್ತಿಯ ಮೇಲಿನ ವೃಶ್ಚಿಕದ ಹತ್ತಿರ ಅದರ ಹೊಟ್ಟೆ. ನಾವು ಚುಕ್ಕಿ ಸೇರಿಸಿ ಚಿತ್ರ ಬಿಡಿಸುತ್ತೇವೆ, ಅವರು ಚುಕ್ಕಿಗಳ ನಡುವಿನ ಕತ್ತಲಿನಲ್ಲಿ ಹಕ್ಕಿ ಕಂಡಿದ್ದಾರೆ. ಮಧ್ಯಾಹ್ನ "ಒಂದು ಮರವೂ ಇಲ್ಲದ ಈ ಜಾಗಕ್ಕೆ ಯಾಕೆ ಕರ್ಕೊಂಡು ಬಂದೆಯೇ?" ಅಂತ ಗೊಣಗಿದ್ದ ಅತ್ತೆಯೇ ಆವತ್ತು ಎಲ್ಲರಿಗಿಂತ ಕೊನೆಗೆ ಒಳಗೆ ಬಂದದ್ದು.

8. ಶೌಚ, ಕಸ

ಗಾಡಿಯ ಶೌಚದ ಡಬ್ಬವನ್ನು ಊರುಗಳಲ್ಲಿರುವ ಡಂಪ್ ಪಾಯಿಂಟ್‌ನಲ್ಲಿ ಮಾತ್ರ ಖಾಲಿ ಮಾಡಿ, ಬಯಲಿನಲ್ಲಿ ಅಲ್ಲ. ಎರಡು ರಾತ್ರಿಗೆ ಐದು ಜನರಿಗೆ ಅದು ಅಂಚಿಗೆ ಬರುತ್ತದೆ, ಹೊರಡುವಾಗ ಖಾಲಿ ಡಬ್ಬದಿಂದಲೇ ಹೊರಡಿ. ಕಸದ ಚೀಲ ಹೊರಗೆ ನೇತುಹಾಕಬೇಡಿ, ಕಾಗೆಗಳು ಬೆಳಕು ಹರಿಯುವ ಮೊದಲೇ ಬಿಚ್ಚುತ್ತವೆ. ಶೂ ಹೊರಗೆ ಬಿಟ್ಟಿದ್ದರೆ ಕೊಡವಿ ಹಾಕಿಕೊಳ್ಳಿ.

9. ಹೊರಡುವ ಬೆಳಿಗ್ಗೆ

ಬಿಸಿಲೇರಿದ ಮೇಲೆಯೇ ಹೊರಡಿ, ಕಾಂಗರೂಗಳು ಮಲಗಿರುತ್ತವೆ. ಬಂದಾಗ ಮಾಡಿದ್ದನ್ನೆಲ್ಲ ಹಿಂದುಮುಂದಾಗಿ ಮಾಡಬೇಕು: ಗ್ಯಾಸ್ ಬಂದ್, ಛಾವಣಿ ಕಿಂಡಿ ಬಂದ್, ಕಾಲು ಮೇಲೆ, ಕಾರಿಗೆ ಕಟ್ಟಿ, ಸರಪಳಿ, ಲೈಟ್, ಜಾಕಿ ಚಕ್ರ ಮೇಲೆ, ಹ್ಯಾಂಡ್‌ಬ್ರೇಕ್ ಇಳಿಸಿ, ಕೊನೆಗೆ ಚಾಕ್. ಈ ಕೆಲಸ ಮಾಡುವವರ ಹತ್ತಿರ ಯಾರೂ ಮಾತಾಡಬಾರದು ಅನ್ನುವುದು ನಮ್ಮನೆ ಕಾನೂನು. ನಡುವೆ ಯಾರೋ "ಕಾಫಿ ಬೇಕಾ?" ಅಂದರೆ ಒಂದು ಕೊಂಡಿ ಮರೆತುಹೋಗುತ್ತದೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮೊದಲಿನಿಂದ ಸುತ್ತಿ ನೋಡಿ. ಬಾಗಿಲ ಮೆಟ್ಟಿಲು ಮಡಚಿದೆಯಾ ಅಂತ ನೋಡುವುದು ಮಗಳ ಪಾಲಿನ ಕೆಲಸ.

ಗಾಡಿಯನ್ನು ಹತ್ತು ಮೀಟರ್ ಮುಂದೆ ಒಯ್ದು ನಿಲ್ಲಿಸಿ, ಇಳಿದು, ನಿಂತಿದ್ದ ಜಾಗವನ್ನು ಒಮ್ಮೆ ನೋಡಿ ಬನ್ನಿ. ಬಟ್ಟೆ ಕ್ಲಿಪ್ಪು, ಚಮಚ, ಮಕ್ಕಳ ಕಾಲುಚೀಲ ಏನಾದರೊಂದು ಸಿಗುತ್ತದೆ. ಕಳೆದ ಜುಲೈನಲ್ಲಿ ನಾವು ಇದೊಂದನ್ನು ಬಿಟ್ಟು ಹೊರಟೆವು. ಕೂಬರ್ ಪೀಡಿಯಲ್ಲಿ ಗಾಡಿ ಮಟ್ಟ ಮಾಡಲು ಹೋದಾಗ ಚಕ್ರ ಹತ್ತಿಸುವ ಹಳದಿ ಅಚ್ಚು ಒಂದೇ ಇತ್ತು. ಇನ್ನೊಂದು ಲೇಕ್ ಹಾರ್ಟ್‌ನಲ್ಲೇ ಉಳಿದಿದೆ. ನೀವು ಹೋದಾಗ ಕಂಡರೆ ಬಳಸಿಕೊಳ್ಳಿ, ಗಟ್ಟಿಮುಟ್ಟಾಗಿದೆ.